ಅಮ್ಮನ ಕಿವಿಗೆ ಬಿದ್ದ ಸಿನಿಮಾ, ಧಾರಾವಾಹಿಗಳು: ಹನ್ನೆರಡು ವರ್ಷಗಳ ಅನುಭವ

ಅಮ್ಮನ ಎರಡೂ ಕಣ್ಣುಗಳ ದೃಷ್ಟಿ ಗ್ಲಾಕೋಮಾದಿಂದ ಪೂರ್ತಿಯಾಗಿ ಹೋದದ್ದು 2012ರಲ್ಲಿ, ಅವರಿಗೆ 69 ವರ್ಷವಾಗಿದ್ದಾಗ. ಕಾಣದವರ ಮುಂದೆ ಟೀವಿ ಹಚ್ಚಿಡುವುದು ಅವರನ್ನು ನೋಯಿಸಿದಂತೆ ಎಂದು ಭಾವಿಸಿ, ಅದನ್ನು ನಡುಮನೆಯಿಂದ ತೆಗೆದು ಒಳಕೋಣೆಗೆ ಸಾಗಿಸಲು ನಾನು ಹೊರಟಿದ್ದೆ. ಅಮ್ಮ ಒಪ್ಪಲಿಲ್ಲ. "ಭದ್ರಾವತಿ ರೇಡಿಯೋ ಕೇಳ್ಕೊಂಡೇ ಸಂಸಾರ ಮಾಡಿದವಳು ನಾನು. ಇದನ್ನೂ ಕೇಳ್ತೇನೆ. ಮಾತಿಲ್ಲದ ಕಡೆ ಎಂತ ಆಗ್ತಾ ಇದೆ ಅಂತ ನೀನು ಹೇಳು, ಸಾಕು" ಎಂದರು. ಅಂದಿನಿಂದ ಇಂದಿನವರೆಗೆ ರಾತ್ರಿ ಊಟಕ್ಕೆ ಮುಂಚಿನ ಒಂದೂವರೆ ಎರಡು ಗಂಟೆ ನಾವಿಬ್ಬರೂ ಟೀವಿಯ ಮುಂದೆ ಕೂರುತ್ತೇವೆ. ಅವರು ಕೇಳುತ್ತಾರೆ, ನಾನು ನೋಡಿ ಹೇಳುತ್ತೇನೆ. ಈ ಹನ್ನೆರಡು ವರ್ಷಗಳಲ್ಲಿ ಹೀಗೆ ನೋಡಿದ ಸಿನಿಮಾ ಮತ್ತು ಧಾರಾವಾಹಿಗಳ ಬಗ್ಗೆ ನನಗೆ ಅನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ಮನೆಯಲ್ಲಿ ದೃಷ್ಟಿ ಮಂದವಾದ ಹಿರಿಯರಿದ್ದವರಿಗೆ ಇದರಿಂದ ಸ್ವಲ್ಪವಾದರೂ ಉಪಯೋಗವಾದೀತು ಎಂಬ ಆಸೆ ನನ್ನದು.

ಮೊದಲು ದಿನನಿತ್ಯದ ಧಾರಾವಾಹಿಗಳ ವಿಷಯ. ಕಣ್ಣು ಕಾಣದವರಿಗೆ ಮಾತೇ ಪ್ರಧಾನವಾದ ಧಾರಾವಾಹಿ ಬಹಳ ಅನುಕೂಲ ಎಂದು ನಾನು ಎಣಿಸಿದ್ದೆ. ಅದು ಮೊದಲ ವಾರದಲ್ಲೇ ಸುಳ್ಳಾಯಿತು. ಮನೆಯ ಹಿರಿಯ ಸೊಸೆ ಏನೋ ಒಂದು ಮಾತು ಆಡುತ್ತಾಳೆ, ಕೂಡಲೇ ಸಿಡಿಲು ಬಡಿದ ಸದ್ದು ಬರುತ್ತದೆ, ಆಮೇಲೆ ಅಲ್ಲಿರುವ ಏಳೆಂಟು ಜನರ ಮುಖಗಳನ್ನು ಒಂದೊಂದಾಗಿ, ಕೆಲವರದನ್ನು ಮೂರು ಮೂರು ಬಾರಿ ತೋರಿಸುತ್ತಾರೆ. ಇಷ್ಟು ಹೊತ್ತೂ ಕೇಳುವವರಿಗೆ ಸಿಗುವುದು ಸದ್ದಿನ ಅಬ್ಬರ ಮಾತ್ರ. "ಎಂತ ಆಯ್ತೋ? ಯಾರಾದ್ರೂ ಬಿದ್ರಾ?" ಎಂದು ಅಮ್ಮ ಗಾಬರಿಯಿಂದ ಕೇಳುತ್ತಿದ್ದರು. ಯಾರೂ ಬಿದ್ದಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಎಂದು ಹೇಳಿ ಹೇಳಿ ನನಗೇ ಬೇಸರ ಬಂತು. ಒಂದು ದಿನ ಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಜಾಹೀರಾತು, ಹಿಂದಿನ ದಿನದ ಕಂತಿನ ಪುನರಾವರ್ತನೆ, ಮುಂದಿನ ಕಂತಿನ ತುಣುಕು ಇವನ್ನೆಲ್ಲ ಕಳೆದರೆ ಅರ್ಧ ಗಂಟೆಯ ಆ ಕಂತಿನಲ್ಲಿ ಪಾತ್ರಗಳು ಪರಸ್ಪರ ಮಾತನಾಡಿದ್ದು ಹನ್ನೊಂದು ನಿಮಿಷ. ಅದರಲ್ಲೂ ಹಿಂದೆ ನುಡಿಯುವ ವಾದ್ಯಗಳು ಮಾತನ್ನು ನುಂಗದ ಭಾಗ ಇನ್ನೂ ಕಡಿಮೆ. ಬರೆಯುವವರ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ, ದಿನಕ್ಕೊಂದು ಕಂತು ಒದಗಿಸಬೇಕಾದ ಒತ್ತಡ ದೊಡ್ಡದು. ಆದರೆ ಮಾತಿನ ಮೇಲೆ ನಂಬಿಕೆಯಿಲ್ಲದ ಬರಹ ಎಷ್ಟು ಬೇಗ ಸಿಕ್ಕಿಬೀಳುತ್ತದೆ ಎಂಬುದು ಕಣ್ಣು ಮುಚ್ಚಿಕೊಂಡು ಕೂತರೆ ಯಾರಿಗಾದರೂ ತಿಳಿಯುತ್ತದೆ.

ಇನ್ನೊಂದು ಆಕ್ಷೇಪವನ್ನೂ ಇಲ್ಲೇ ಹೇಳಬೇಕು. ಧಾರಾವಾಹಿಗಳಲ್ಲಿ ಧಾರವಾಡದ ಕಡೆಯ ಅಥವಾ ಕರಾವಳಿಯ ಕನ್ನಡ ಆಡುವವರು ಹೆಚ್ಚಾಗಿ ಮನೆಗೆಲಸದವರೋ ನಗಿಸಲೆಂದು ಬಂದವರೋ ಆಗಿರುತ್ತಾರೆ. ದುಃಖಪಡುವ, ಪ್ರೀತಿಸುವ, ನ್ಯಾಯ ಹೇಳುವ ಪಾತ್ರಗಳಿಗೆಲ್ಲ ಬೆಂಗಳೂರಿನ ಸುತ್ತಿನ ಒಂದೇ ಬಗೆಯ ಮಾತು. ಮುಖ ಕಾಣದ ಅಮ್ಮನಿಗೆ ಎಲ್ಲ ಹೆಣ್ಣುಮಕ್ಕಳೂ ಒಬ್ಬಳೇ ಅನಿಸುವುದಕ್ಕೆ ಇದೇ ಕಾರಣ. ಸಿನಿಮಾದಲ್ಲಿ ಈ ತೊಂದರೆಗೆ ಇನ್ನೊಂದು ಮುಖವಿದೆ. ಬೇರೆ ಭಾಷೆಗಳಿಂದ ಬಂದ ನಾಯಕಿಯರಿಗೆ ಕಂಠದಾನ ಮಾಡುವ ಕಲಾವಿದೆಯರು ಕೆಲವರೇ ಇರುವುದರಿಂದ, ಮೂರು ಬೇರೆ ಬೇರೆ ಚಿತ್ರಗಳ ನಾಯಕಿಯರನ್ನು ಅಮ್ಮ ಒಬ್ಬಳೇ ನಟಿ ಎಂದು ಗುರುತಿಸಿದ್ದರು. ಕಣ್ಣಿದ್ದ ನಾನು ಅದನ್ನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಆ ಕಂಠದಾನ ಕಲಾವಿದೆಯ ಹೆಸರು ಪರದೆಯ ಮೇಲೆ ಬಂತೇ ಎಂದು ಅಮ್ಮ ಕೇಳಿದಾಗ ಹಿಂದಕ್ಕೆ ಓಡಿಸಿ ಹುಡುಕಿದೆ. ಎರಡು ಚಿತ್ರಗಳಲ್ಲಿ ಎಲ್ಲೂ ಸಿಗಲಿಲ್ಲ.

ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ 'ಮಾಯಾಮೃಗ' 1998ರಲ್ಲಿ ದೂರದರ್ಶನದಲ್ಲಿ ಬರುತ್ತಿದ್ದಾಗ ಅಮ್ಮ ಅದನ್ನು ಕಣ್ಣಾರೆ ನೋಡಿದ್ದರು. ಮತ್ತೆ ಹಾಕಿದಾಗ ನನ್ನ ವಿವರಣೆ ಅವರಿಗೆ ಬೇಕಾದದ್ದೇ ಅಪರೂಪ. ಅದರಲ್ಲಿ ಜನ ಮಾತನಾಡುತ್ತಾರೆ, ವಾದಿಸುತ್ತಾರೆ, ಅರ್ಧಕ್ಕೆ ನಿಲ್ಲಿಸಿ ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಮುಂದೆ ಸೀತಾರಾಮ್ ಮಾಡಿದ 'ಮುಕ್ತ'ದ ನ್ಯಾಯಾಲಯದ ದೃಶ್ಯಗಳಂತೂ ರೇಡಿಯೋ ನಾಟಕಕ್ಕೆ ಬರೆದಂತಿವೆ. ವಕೀಲ ಸಿ.ಎಸ್.ಪಿ. ಆಗಿ ಅವರು ಕೇಳುವ ಪ್ರಶ್ನೆ, ಸಾಕ್ಷಿಯ ತಡವರಿಕೆ, ಅದರ ಹಿಂದೆಯೇ ಬರುವ ಮರುಪ್ರಶ್ನೆ, ಇಷ್ಟರಲ್ಲೇ ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಅಮ್ಮನಿಗೆ ನನಗಿಂತ ಮೊದಲೇ ಗೊತ್ತಾಗುತ್ತಿತ್ತು. ದೋಷವಿಲ್ಲವೆಂದಲ್ಲ. ಕೆಲವು ಕಂತುಗಳಲ್ಲಿ ಪಾತ್ರಗಳು ಮನುಷ್ಯರಂತೆ ಮಾತನಾಡುವುದನ್ನು ಬಿಟ್ಟು ಸಂಪಾದಕೀಯ ಓದಿದಂತೆ ಮಾತನಾಡುತ್ತವೆ, ಕಥೆ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಸುತ್ತುತ್ತದೆ. ಆದರೂ ಕನ್ನಡ ಕಿರುತೆರೆಯಲ್ಲಿ ಕೇಳುಗರನ್ನು ಬುದ್ಧಿವಂತರೆಂದು ನಂಬಿ ಬರೆದ ಧಾರಾವಾಹಿಗಳಲ್ಲಿ ಇವು ಮೊದಲ ಸಾಲಿನವು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಚಂದನ ವಾಹಿನಿಯ 'ಥಟ್ ಅಂತ ಹೇಳಿ' 2002ರಿಂದ ನಡೆದುಬಂದಿರುವ ರಸಪ್ರಶ್ನೆ ಕಾರ್ಯಕ್ರಮ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆಯನ್ನು ಪೂರ್ತಿಯಾಗಿ, ಬಿಡಿಸಿ ಓದುತ್ತಾರೆ. ಉತ್ತರ ಬಂದ ಮೇಲೆ ಅದರ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ತಿಳಿಸುತ್ತಾರೆ. ಗೆದ್ದವರಿಗೆ ಪುಸ್ತಕ ಕೊಟ್ಟು ಅದರ ಹೆಸರನ್ನೂ ಬರೆದವರ ಹೆಸರನ್ನೂ ಹೇಳುತ್ತಾರೆ. ಅಬ್ಬರದ ಸದ್ದಿಲ್ಲ. ಚಿತ್ರ ತೋರಿಸಿ ಕೇಳುವ ಪ್ರಶ್ನೆಯೊಂದನ್ನು ಬಿಟ್ಟರೆ ಅಮ್ಮ ಉಳಿದೆಲ್ಲದರಲ್ಲಿಯೂ ಸ್ಪರ್ಧಿಯೇ. ಸಂಕೋಚವಿಲ್ಲದೆ ಹೇಳುತ್ತೇನೆ, ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾದ ಕಾರ್ಯಕ್ರಮ ಇದು.

'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದ ಹಳೆಯ ಕಂತುಗಳನ್ನೂ ಆಗಾಗ ಹಾಕುತ್ತೇವೆ. ಜಿ.ಎಸ್. ಶಿವರುದ್ರಪ್ಪನವರ ಕವಿತೆಯನ್ನು ನೆನಪಿಸುವ ಹೆಸರು ಅದರದು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಮಗುವೊಂದು ಹಾಡಿ ಮುಗಿಸಿದ ಮೇಲೆ ತಪ್ಪಿದ ಸಾಲನ್ನು ತಾವೇ ಮೆಲ್ಲಗೆ ಹಾಡಿ ತೋರಿಸುವ ಬಗೆ ಕೇಳುವವರಿಗೆ ಪಾಠವೇ ಸರಿ. ಇಂದಿನ ಗಾಯನ ಸ್ಪರ್ಧೆಗಳಲ್ಲಿ ಹಾಡಿಗಿಂತ ಹಾಡುವವರ ಕಷ್ಟದ ಕಥೆ ಉದ್ದವಾಗಿರುತ್ತದೆ. ಆ ಮಕ್ಕಳ ಕಷ್ಟ ನಿಜವೇ, ಆದರೆ ಅದರ ಹಿಂದೆ ಪಿಟೀಲನ್ನು ಅಳುವಂತೆ ನುಡಿಸಿ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

'ಮಾಲ್ಗುಡಿ ಡೇಸ್' ಬಗ್ಗೆ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಯಿತು. ಶಂಕರ್‌ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿ, 1986ರಲ್ಲಿ ದೂರದರ್ಶನದಲ್ಲಿ ಬಂದ ಈ ಸರಣಿ ನಮ್ಮ ಮಲೆನಾಡಿನವರಿಗೆ ಮನೆಯ ಹೆಮ್ಮೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಎಲ್ಲರೂ ನಮ್ಮವರೇ, ಮಾತು ಮಾತ್ರ ಹಿಂದಿ. ನೋಡುವಾಗ ಆ ಮಾತಿನ ಕೊರತೆಯನ್ನು ಮಳೆ, ಹೆಂಚಿನ ಮನೆ, ಜಗಲಿಯ ಕಂಬಗಳು ತುಂಬಿಕೊಡುತ್ತಿದ್ದವು. ಕೇಳುವಾಗ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ರಾಗವೊಂದೇ ಅಮ್ಮನಿಗೆ ಉಳಿಯಿತು. ಅದು ಶುರುವಾದರೆ ಅವರು ಈಗಲೂ ಮೆಲ್ಲಗೆ ಗುನುಗುತ್ತಾರೆ, ಅದು ಮುಗಿದ ಮೇಲೆ ಇನ್ನೇನಾದರೂ ಹಾಕು ಎನ್ನುತ್ತಾರೆ. ಇದು ಸರಣಿಯ ದೋಷವಲ್ಲ. ಆದರೆ ಆಗುಂಬೆಯ ಜಗಲಿಯ ಮೇಲೆ ಆಗುಂಬೆಯ ಮಾತು ಅಂದೇ ಕೇಳಿಸಿದ್ದರೆ ಎಂಬ ಕೊರಗು ನನ್ನಲ್ಲಿ ಉಳಿದಿದೆ.

ಇನ್ನು ಸಿನಿಮಾಗಳು. 1972ರಲ್ಲಿ 'ಬಂಗಾರದ ಮನುಷ್ಯ' ಬಿಡುಗಡೆಯಾದಾಗ ಅಮ್ಮ ಅದನ್ನು ಟಾಕೀಸಿನಲ್ಲಿ ಮೂರು ಸಲ ನೋಡಿದ್ದರಂತೆ. ಈಗ ಕೇಳುವಾಗ ಅವರಿಗೆ ವಿವರಣೆಯೇ ಬೇಡ, ದೃಶ್ಯಗಳು ಅವರ ಒಳಗೇ ಓಡುತ್ತವೆ. ಆದರೆ ಅವರು ಹಿಂದೆ ಗಮನಿಸದ ಒಂದು ವಿಷಯ ಈಗ ಹೊಳೆಯಿತು: ಮಾತಿನಲ್ಲಿ ಒಂದು ದನಿ, ಹಾಡಿನಲ್ಲಿ ಇನ್ನೊಂದು. ಹಾಡುಗಳಲ್ಲಿ ರಾಜಕುಮಾರ್ ಅವರಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್, ಎರಡು ದನಿಗಳ ನಡುವಿನ ಬೆಸುಗೆ ಎಷ್ಟು ನಯವಾಗಿದೆಯೆಂದರೆ ಕಣ್ಣಿದ್ದಾಗ ಅದು ತಿಳಿಯುವುದೇ ಇಲ್ಲ. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆಯ ಮೇಲಿನ ಹಾಡಿನಲ್ಲಿ ರಾಜಕುಮಾರ್ ತಮ್ಮದೇ ದನಿಯಲ್ಲಿ ಹಾಡುವುದನ್ನು ಅದರ ಮರುದಿನ ಕೇಳಿಸಿದೆ. ಅಮ್ಮ ಬಹಳ ಹೊತ್ತು ಅದರ ಬಗ್ಗೆಯೇ ಮಾತನಾಡಿದರು. ಆ ಕಾಲದ ನಟರಲ್ಲಿ ಅವರಿಗೆ ಅತ್ಯಂತ ಇಷ್ಟವಾಗುವುದು ಟಿ.ಎನ್. ಬಾಲಕೃಷ್ಣ ಅವರ ಮಾತು. ಒಂದು ವಾಕ್ಯದೊಳಗೇ ನಾಲ್ಕು ಬಣ್ಣ ಬದಲಿಸುವ ಆ ಮಹಾನಟರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂದು ತಿಳಿದ ದಿನ ಅಮ್ಮ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ.

ನಾವು ಹೆಚ್ಚು ಬಾರಿ ಕೇಳಿದ ಚಿತ್ರವೆಂದರೆ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದರು. ಅದಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವೂ ಚೋಮನಾಗಿ ಅಭಿನಯಿಸಿದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು. ಪುಸ್ತಕ ಓದಿದ್ದ ನಾನು ಈ ಚಿತ್ರವನ್ನು ಬಡತನದ, ಜಾತಿಯ ಕಥೆಯೆಂದೇ ನೋಡುತ್ತಿದ್ದೆ. ಅಮ್ಮನ ಜೊತೆ ಕೂತಾಗ ಅದು ದುಡಿ ಎಂಬ ಚರ್ಮವಾದ್ಯದ ಕಥೆಯಾಯಿತು. ಚೋಮ ಬಾಯಿಬಿಟ್ಟು ಹೇಳಲಾರದ್ದನ್ನೆಲ್ಲ ಆ ದುಡಿ ಹೇಳುತ್ತದೆ. ಸಿಟ್ಟಿನ ಬಡಿತ ಬೇರೆ, ಕುಡಿದು ಬಂದ ರಾತ್ರಿಯ ಬಡಿತ ಬೇರೆ, ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟುಹೋದ ಮೇಲಿನ ಬಡಿತವೇ ಬೇರೆ. ಅಮ್ಮ ಕುರ್ಚಿಯ ಕೈಯ ಮೇಲೆ ಬೆರಳಿನಿಂದ ಆ ಪೆಟ್ಟನ್ನು ಹಿಂಬಾಲಿಸುತ್ತಿದ್ದರು. ಕೊನೆಗೆ ಚೋಮ ಗುಡಿಸಲಿನ ಬಾಗಿಲು ಮುಚ್ಚಿಕೊಂಡು ಬಾರಿಸತೊಡಗಿದಾಗ, ಈಗ ವಿವರಿಸಬೇಕೆಂದು ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ದುಡಿ ನಿಂತಿತು, ಅವರ ಬೆರಳೂ ನಿಂತಿತು. "ಹೋದ, ಅಲ್ಲನಾ?" ಎಂದರು. ಹೌದು ಎನ್ನುವುದರ ಹೊರತು ನನಗೆ ಹೇಳಲು ಏನೂ ಇರಲಿಲ್ಲ. ಒಂದು ಸಿನಿಮಾ ಕಣ್ಣು ಕಾಣದವರಿಗೆ ತನ್ನ ಕೊನೆಯನ್ನು ಇಷ್ಟು ನೇರವಾಗಿ ತಲುಪಿಸಿದ್ದನ್ನು ನಾನು ಮತ್ತೆ ಕಂಡಿಲ್ಲ.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಇದಕ್ಕೆ ವಿರುದ್ಧವಾದ ಪರೀಕ್ಷೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, 1977ರ ಕಪ್ಪುಬಿಳುಪಿನ ಈ ಚಿತ್ರದಲ್ಲಿ ಮಾತು ಬಹಳ ಕಡಿಮೆ. ವೇದಪಾಠಶಾಲೆಯ ಹುಡುಗರ ಮಂತ್ರ, ಹೆಜ್ಜೆ, ಬಾಗಿಲಿನ ಸದ್ದು, ಇರುಳಿನಲ್ಲಿ ಎಲ್ಲಿಂದಲೋ ಬರುವ ಚರ್ಮವಾದ್ಯದ ಬಡಿತ, ಉಳಿದದ್ದೆಲ್ಲ ಪುಟ್ಟ ನಾಣಿಯ ಕಣ್ಣಿಗೆ ಕಂಡಂತೆ. ಅವನು ನೋಡುತ್ತಾನೆ, ಅವನಿಗೆ ಅರ್ಥವಾಗುವುದಿಲ್ಲ; ನನಗೆ ಅರ್ಥವಾಗುತ್ತದೆ, ಅಮ್ಮನಿಗೆ ನಾನು ಎಷ್ಟು ಹೇಳಬೇಕು? ಪಾಠಶಾಲೆಯ ಗುರುಗಳ ವಿಧವೆ ಮಗಳು ಯಮುನಕ್ಕ ಬಸುರಿಯಾಗಿದ್ದಾಳೆ ಎಂಬುದನ್ನು ಚಿತ್ರ ತಿಳಿಸುವ ಮೊದಲೇ ನಾನು ಹೇಳಿಬಿಟ್ಟೆ. ಅಮ್ಮ ಬೇಸರಿಸಿಕೊಂಡರು: "ಹುಡುಗನಿಗೇ ಇನ್ನೂ ಗೊತ್ತಾಗಿಲ್ಲ, ನೀನ್ಯಾಕೆ ಅವಸರ ಮಾಡ್ತೀಯ?" ವಿವರಣೆ ಕೊಡುವವನು ಕಂಡದ್ದನ್ನು ಹೇಳಬೇಕು, ತಿಳಿದದ್ದನ್ನಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಅಂದು. ಕೊನೆಯ ದೃಶ್ಯದಲ್ಲಿ, ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಮುಗಿಸಿದ ಮೇಲೆ, ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿರುವುದನ್ನು ಊರು ಬಿಟ್ಟು ಹೊರಟ ನಾಣಿ ನೋಡುತ್ತಾನೆ. "ಮರದ ಕೆಳಗೆ ಕೂತಿದ್ದಾಳೆ, ತಲೆ ಬೋಳಿಸಿದ್ದಾರೆ, ಒಬ್ಬಳೇ" ಎಂದಷ್ಟೇ ಹೇಳಿದೆ. ತಮ್ಮ ಅಜ್ಜಿಯ ತಂಗಿಯೊಬ್ಬರು ಹಿತ್ತಿಲಿನ ಕಟ್ಟೆಯ ಮೇಲೆ ಹಾಗೆಯೇ ಕೂತಿರುತ್ತಿದ್ದುದನ್ನು ಅಮ್ಮ ಆ ರಾತ್ರಿ ಮೊದಲ ಬಾರಿಗೆ ನನಗೆ ಹೇಳಿದರು. ನಮಗೆ ಸಿಕ್ಕಿದ ಪ್ರತಿಯಲ್ಲಿ ಧ್ವನಿ ಅಲ್ಲಲ್ಲಿ ಕರಕರ ಎನ್ನುತ್ತಿತ್ತು, ಎರಡು ಕಡೆ ಮಾತು ಪೂರ್ತಿ ಅಳಿಸಿಹೋಗಿತ್ತು.

ಹೊಸ ಕಾಲದ ಚಿತ್ರಗಳಲ್ಲಿ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿರುವುದು ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡ ಬರೆದ 'ತಿಥಿ'. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದು, ಮರುವರ್ಷ ನಮ್ಮಲ್ಲಿ ಬಿಡುಗಡೆಯಾಯಿತು. ಮಂಡ್ಯದ ಹಳ್ಳಿಯ ಜನರೇ ಅಭಿನಯಿಸಿದ್ದಾರೆ, ಧ್ವನಿಯನ್ನು ಚಿತ್ರೀಕರಣದ ಜಾಗದಲ್ಲಿಯೇ ಹಿಡಿದಿದ್ದಾರೆ. ಇದರಿಂದಾಗುವ ವ್ಯತ್ಯಾಸವನ್ನು ಕೇಳಿಯೇ ತಿಳಿಯಬೇಕು. ಸ್ಟುಡಿಯೋದಲ್ಲಿ ಮರುಮುದ್ರಿಸಿದ ಚಿತ್ರಗಳಲ್ಲಿ ಗದ್ದೆಯಲ್ಲಿ ಆಡಿದ ಮಾತೂ ಕೋಣೆಯಲ್ಲಿ ಆಡಿದ ಮಾತೂ ಒಂದೇ ರೀತಿ ಕೇಳಿಸುತ್ತವೆ. ಇಲ್ಲಿ ಮಾತನಾಡುವವನು ಎಷ್ಟು ದೂರದಲ್ಲಿದ್ದಾನೆ, ಬಯಲಿನಲ್ಲಿದ್ದಾನೋ ಗೋಡೆಯ ಪಕ್ಕದಲ್ಲಿದ್ದಾನೋ ಎಂಬುದು ಅಮ್ಮನಿಗೆ ತಾನಾಗಿಯೇ ತಿಳಿಯುತ್ತಿತ್ತು. ಆರಂಭದಲ್ಲಿ ನೂರು ದಾಟಿದ ಅಜ್ಜ ಸೆಂಚುರಿಗೌಡ ದಾರಿಹೋಕರನ್ನೆಲ್ಲ ರೇಗಿಸುತ್ತ ಕೂತಿರುವಾಗ ಅಮ್ಮ ಬಾಯಿ ಮುಚ್ಚಿಕೊಂಡು ನಕ್ಕರು. ಆ ಬೈಗುಳಗಳಲ್ಲಿ ಕೆಲವನ್ನು ಅವರು ಕೇಳಿ ಐವತ್ತು ವರ್ಷವಾಗಿತ್ತಂತೆ. ಕುರಿಗಾಹಿಗಳ ಬೆಂಕಿಯ ಬಳಿ ಕೂತು ಸೆಂಚುರಿಗೌಡನ ಮಗ ಗಡ್ಡಪ್ಪ ತನ್ನ ಹಳೆಯ ನೋವೊಂದನ್ನು ಹೇಳುವ ದೃಶ್ಯ ಈ ಚಿತ್ರದ ಹೃದಯ. ಹಿಂದಿನ ಕಾಲಕ್ಕೆ ಕರೆದೊಯ್ದು ತೋರಿಸುವ ಗೋಜಿಗೆ ನಿರ್ದೇಶಕರು ಹೋಗಿಲ್ಲ, ಒಬ್ಬ ಮನುಷ್ಯ ಹೇಳುತ್ತಾನೆ, ಉಳಿದವರು ಕೇಳುತ್ತಾರೆ. ಆ ಕೆಲವು ನಿಮಿಷ ಕಣ್ಣಿದ್ದ ನಾನೂ ಕಣ್ಣಿಲ್ಲದ ಅಮ್ಮನೂ ಒಂದೇ ಸಿನಿಮಾ ನೋಡಿದೆವು.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' 2016ರದು. ಟೀವಿಯಲ್ಲಿ ಕಾಣೆಯಾದವರ ಪ್ರಕಟಣೆ ಕೇಳಿ ಬೆಳೆದ ನಮಗೆ ಆ ಹೆಸರೇ ಅರ್ಧ ಕಥೆ ಹೇಳುತ್ತದೆ. ಮರೆವಿನ ಕಾಯಿಲೆಯ ವೆಂಕೋಬರಾಯರಾಗಿ ಅನಂತನಾಗ್ ಅವರ ದನಿ, ಒಂದು ವಾಕ್ಯ ಎಲ್ಲಿಂದ ಶುರುವಾಯಿತೆಂದು ತಾವೇ ಮರೆತು ನಡುವೆ ತಡೆಯುವ ಆ ಬಗೆ, ಅಷ್ಟೇ ಸಾಕು. ಅಪಹರಣ, ಬಂದೂಕುಗಳ ಉಪಕಥೆ ನನಗೆ ಅನಗತ್ಯವೆನಿಸಿತು. ಅಪ್ಪ ಮಗನ ಕಥೆಯ ಮೇಲೆ ಇನ್ನಷ್ಟು ಧೈರ್ಯದಿಂದ ನಿಲ್ಲಬಹುದಿತ್ತು.

'ಕೆಜಿಎಫ್' ಅಮ್ಮನಿಗೆ ಹಿಡಿಸುವ ಚಿತ್ರವೇ ಅಲ್ಲ ಎಂದು ನಾನು ಹಿಂಜರಿದಿದ್ದೆ. ಆಶ್ಚರ್ಯವೆಂದರೆ 2018ರ ಮೊದಲ ಭಾಗ ಅವರಿಗೆ ಚೆನ್ನಾಗಿಯೇ ತಲುಪಿತು, ಏಕೆಂದರೆ ಅಲ್ಲಿಯೂ ಅನಂತನಾಗ್ ಕಥೆಗಾರನಾಗಿ ಕೂತು ಎಲ್ಲವನ್ನೂ ಹೇಳುತ್ತಾರೆ. 2022ರ ಎರಡನೇ ಭಾಗದಲ್ಲಿ ಆ ಕೆಲಸ ಪ್ರಕಾಶ್ ರೈ ಅವರದ್ದು, ಆದರೆ ಅಲ್ಲಿ ಹಿನ್ನೆಲೆ ಸಂಗೀತ ಮಾತಿನ ಮೇಲೆಯೇ ಬಂದು ಕೂತಿದೆ ಎಂದು ನಮಗಿಬ್ಬರಿಗೂ ಅನಿಸಿತು. ಒಂದು ಗಂಟೆ ಕಳೆಯುವುದರೊಳಗೆ ಅಮ್ಮನಿಗೆ ತಲೆನೋವು ಬಂದು ನಿಲ್ಲಿಸಿದೆವು. ಅದೇ ವರ್ಷದ 'ಕಾಂತಾರ'ಕ್ಕೆ ಅವರನ್ನು ಚಿತ್ರಮಂದಿರಕ್ಕೇ ಕರೆದುಕೊಂಡು ಹೋಗಿದ್ದೆ. ಕುಂದಾಪುರದ ಕಡೆಯ ಕನ್ನಡವನ್ನು ನಗಿಸುವುದಕ್ಕಷ್ಟೇ ಇಡದೆ ಪ್ರೀತಿಗೆ, ಸಿಟ್ಟಿಗೆ, ದೈವದ ನುಡಿಗೆ ಎಲ್ಲಕ್ಕೂ ಬಳಸಿದ್ದು ದೊಡ್ಡ ಸಂಗತಿ. ನಡುವಿನ ಭಾಗ ಸಡಿಲವಾಗಿದೆ, ನಾಯಕಿಯ ಪಾತ್ರವನ್ನು ಇನ್ನೂ ಗೌರವದಿಂದ ಬರೆಯಬಹುದಿತ್ತು. ಆದರೆ ಕೊನೆಯಲ್ಲಿ ದೈವದ ಕೂಗು ಆ ಕತ್ತಲ ಮಂದಿರವನ್ನು ತುಂಬಿದಾಗ ಅಮ್ಮ ನನ್ನ ಮೊಣಕೈ ಹಿಡಿದುಕೊಂಡರು, ದೀಪ ಹತ್ತಿದ ಮೇಲೂ ಬಿಡಲಿಲ್ಲ.

ಕಡೆಯದಾಗಿ, ಇವನ್ನೆಲ್ಲ ಮನೆಗೆ ತಲುಪಿಸುವ ಸೇವೆಗಳ ಬಗ್ಗೆ. ನಾನು ಮೂರು ಆ್ಯಪ್‌ಗಳಿಗೆ ವರ್ಷದ ಚಂದಾ ಕಟ್ಟಿದ್ದೇನೆ. ಕಾಣದವರಿಗಾಗಿ ದೃಶ್ಯವನ್ನು ಮಾತಿನಲ್ಲಿ ಹೇಳುವ ಧ್ವನಿವಿವರಣೆ ಇಂಗ್ಲಿಷ್ ಚಿತ್ರಗಳಿಗೆ ಧಾರಾಳವಾಗಿ ಸಿಗುತ್ತದೆ; ನಾವು ಹಾಕಿದ ಒಂದೇ ಒಂದು ಕನ್ನಡ ಚಿತ್ರಕ್ಕೂ ಇದುವರೆಗೆ ಅದು ಸಿಕ್ಕಿಲ್ಲ. ಒಂದು ಸೇವೆಯ ಸಹಾಯವಾಣಿಗೆ ನಾಲ್ಕು ಬಾರಿ ಬರೆದೆ, ನಾಲ್ಕೂ ಬಾರಿ ಒಂದೇ ಸಿದ್ಧ ಉತ್ತರ ಬಂತು. ಅರ್ಧ ನೋಡಿದ ಚಿತ್ರವೊಂದು ಮರುದಿನ ಪಟ್ಟಿಯಿಂದಲೇ ಮಾಯವಾದದ್ದೂ ಉಂಟು. ಇದು ದಯೆಯ ವಿಷಯವಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಕಲಮು ವಿದ್ಯುನ್ಮಾನ ಮಾಧ್ಯಮದಲ್ಲಿ ಧ್ವನಿವಿವರಣೆ ಇರಬೇಕೆನ್ನುತ್ತದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ 'ಪಠಾನ್' ಹಿಂದಿ ಚಿತ್ರಕ್ಕೆ ಅದನ್ನು ಸಿದ್ಧಪಡಿಸುವಂತೆ ನಿರ್ಮಾಪಕರಿಗೆ ಸೂಚಿಸಿತು, 2024ರ ಮಾರ್ಚ್‌ನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಒಬ್ಬ ಒಳ್ಳೆಯ ಬರಹಗಾರ, ಆಕಾಶವಾಣಿಯಲ್ಲಿ ಪಳಗಿದ ಒಂದು ದನಿ, ಒಂದು ವಾರದ ಕೆಲಸ. ಕೋಟಿಗಳಲ್ಲಿ ತಯಾರಾಗುವ ಚಿತ್ರಕ್ಕೆ ಇದು ಹೊರೆಯೆಂದು ನಾನು ನಂಬಲಾರೆ.

ಸದ್ಯ ನಾವು ಕಾಯುತ್ತಿರುವುದು 'ಘಟಶ್ರಾದ್ಧ'ದ ಹೊಸ ಪ್ರತಿಗಾಗಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದ ಸಂಸ್ಥೆಗಳು ಸೇರಿ ಜೀರ್ಣೋದ್ಧಾರ ಮಾಡಿದ ಅದನ್ನು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು ಎಂಬ ಸುದ್ದಿಯನ್ನು ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, ಅಳಿಸಿಹೋಗಿದ್ದ ಆ ಎರಡು ಮಾತು ಈಗ ಕೇಳಿಸುತ್ತವೆಯೇ ಎಂದು. ಶಿವಮೊಗ್ಗದಲ್ಲಿ ಎಲ್ಲಾದರೂ ಅದರ ಪ್ರದರ್ಶನವಾದರೆ ಮೊದಲ ದಿನವೇ ಕರೆದುಕೊಂಡು ಹೋಗುವುದಾಗಿ ಅವರಿಗೆ ಮಾತು ಕೊಟ್ಟಿದ್ದೇನೆ.